ಹ್ಯೂಸ್ಟನ್‌ನಲ್ಲಿ ಕಾರಿಲ್ದೆ ಬರೀ ಬಸ್ಸಲ್ಲಿ ಬದುಕೋಕಾಗುತ್ತಾ?

ಡ್ರೈವಿಂಗ್ ಬರಲ್ಲ, ಬೆಂಗಳೂರಲ್ಲಿ ಇಷ್ಟು ವರ್ಷ ಬಿಎಂಟಿಸಿ ಪಾಸಲ್ಲೇ ಓಡಾಡಿದೀನಿ, ಈಗ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆ, ಬಸ್ ನಂಬ್ಕೊಂಡು ಬರಬಹುದಾ ಅಂತ ಕೇಳಿದೀರ. ಬರಬಹುದು, ಆದ್ರೆ ಆಫೀಸ್ ಎಲ್ಲಿ, ಮನೆ ಎಲ್ಲಿ ಮಾಡ್ತೀರ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನಾನೂ ಇಲ್ಲಿಗೆ ಬಂದ ಹೊಸದ್ರಲ್ಲಿ ಬಹಳ ಕಾಲ ಕಾರಿಲ್ದೇ ಇದ್ದವನು.

ಬಸ್ಸೇ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇಲ್ಲಿ ಬಸ್ ಓಡಿಸೋ ಸಂಸ್ಥೆ ಹೆಸರು ಮೆಟ್ರೋ (ನಮ್ಮ ಮೆಟ್ರೋ ಥರ ರೈಲು ಅನ್ಕೋಬೇಡಿ), ಎಸಿ ಬಸ್ಸು, ಲೋಕಲ್ ಟಿಕೆಟ್ 1.25 ಡಾಲರ್, ಮೆಟ್ರೋ ಕಾರ್ಡಲ್ಲಿ ಕೊಟ್ರೆ ಮೂರು ಗಂಟೆ ಒಳಗೆ ಬೇರೆ ಬಸ್ ಹತ್ತಿದ್ರೂ ಮತ್ತೆ ದುಡ್ಡು ಕೇಳಲ್ಲ. ಒಳಗೆ ಕೂತ ಮೇಲೆ ಏನೂ ತಕರಾರಿಲ್ಲ, ಹತ್ತೋಕ್ ಮುಂಚೆ ಮತ್ತೆ ಇಳಿದ್ ಮೇಲೆ ಇರೋದೇ ಕಷ್ಟ.

ಲೆಕ್ಕ ನೋಡಿ. 2011ರ ಜನಗಣತಿಯಲ್ಲೇ ಬಿಬಿಎಂಪಿ ವ್ಯಾಪ್ತೀಲಿ 84 ಲಕ್ಷ ಜನ, ಜಾಗ ಏಳ್ನೂರು ಚಿಲ್ಲರೆ ಚದರ ಕಿಲೋಮೀಟರ್. ಹ್ಯೂಸ್ಟನ್ ಊರೊಂದರಲ್ಲೇ ಹತ್ರ ಹತ್ರ 23 ಲಕ್ಷ ಜನ, ಜಾಗ ಅದರ ಎರಡು ಪಟ್ಟಿಗಿಂತ ಜಾಸ್ತಿ. ಇಷ್ಟು ತೆಳ್ಳಗೆ ಹರಡಿರೋ ಜನಕ್ಕೆಲ್ಲ ಮನೆ ಮುಂದೆ ಬಸ್ ಕೊಡ್ತೀನಿ ಅಂತ ಹೊರಟ್ರೆ ಒಂದು ಲೋಟ ಹಾಲಿಗೆ ಬಿಂದಿಗೆ ನೀರು ಹಾಕಿದ ಹಾಗೆ, ಎಲ್ಲಾ ಕಡೆ ರೂಟ್ ಇರುತ್ತೆ, ಎಲ್ಲೂ ಬಸ್ ಬರಲ್ಲ. ಬಸ್ ಓಡಿಸೋ ಖರ್ಚಲ್ಲಿ ದೊಡ್ಡ ಪಾಲು ಡ್ರೈವರ್ ಸಂಬಳದ್ದು, ಗಂಟೆಗೊಂದು ಇರೋದನ್ನ ಅರ್ಧ ಗಂಟೆಗೊಂದು ಮಾಡಿದ್ರೆ ಆ ಖರ್ಚು ಹೆಚ್ಚುಕಮ್ಮಿ ಡಬಲ್.

ಇನ್ನೊಂದು ಪಾರ್ಕಿಂಗ್ ಕಾನೂನು. ಹ್ಯೂಸ್ಟನ್‌ನಲ್ಲಿ ಝೋನಿಂಗ್ ಇಲ್ಲ, ಯಾರು ಎಲ್ಲಿ ಏನು ಬೇಕಾದ್ರೂ ಕಟ್ಟಬಹುದು ಅಂತ ಜನ ಜಂಬದಿಂದ ಹೇಳ್ಕೋತಾರೆ, ಆದ್ರೆ ಅಂಗಡಿ ಕಟ್ಟಿದ್ರೆ ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಅಂತ ಊರಿನ ಬಹುಪಾಲು ಕಡೆ ರೂಲ್ ಇದೆ (ಊರ ನಡುವಿನ ಡೌನ್‌ಟೌನ್‌ಗೆ ವಿನಾಯಿತಿ, 2019ರಲ್ಲಿ ಪಕ್ಕದ ಮಿಡ್‌ಟೌನ್‌ಗೂ ಡೌನ್‌ಟೌನ್ ಪೂರ್ವಕ್ಕಿರೋ ಒಂದು ಭಾಗಕ್ಕೂ ಕೊಟ್ರು). ಹಾಗಾಗಿ ಬಸ್ ನಿಮ್ಮನ್ನ ರೋಡ್ ಅಂಚಲ್ಲಿ ಇಳಿಸುತ್ತೆ, ಅಂಗಡಿ ಬಾಗಿಲು ಅಷ್ಟು ದೊಡ್ಡ ಡಾಂಬರು ಮೈದಾನದ ಆ ಕಡೆ ತುದೀಲಿ. ಫುಟ್‌ಪಾತ್ ರಿಪೇರಿ ಪಕ್ಕದ ಸೈಟ್ ಓನರ್ ಜವಾಬ್ದಾರಿ, ಅದಕ್ಕೇ ಒಂದು ಕಟ್ಟಡದ ಮುಂದೆ ನೀಟಾಗಿರುತ್ತೆ, ಮುಂದಿನದ್ರಲ್ಲಿ ಹುಲ್ಲು. ಎಷ್ಟೋ ಸ್ಟಾಪಲ್ಲಿ ಬರೀ ಒಂದು ಕಂಬ, ಒಂದು ಬೋರ್ಡು. ಆಗಸ್ಟಲ್ಲಿ 38 ಡಿಗ್ರಿ ಬಿಸಿಲಲ್ಲಿ, ಮಂಗಳೂರಿನಂಥ ಸೆಕೇಲಿ ಅಲ್ಲಿ ಇಪ್ಪತ್ತು ನಿಮಿಷ ನಿಂತು ನೋಡಿ, ಇವರು ಯಾಕೆ ಸಾಲ ಮಾಡಿಯಾದ್ರೂ ಕಾರ್ ತಗೋತಾರೆ ಅಂತ ಗೊತ್ತಾಗುತ್ತೆ.

ಹಾಗಂತ ಇವರು ಪ್ರಯತ್ನ ಮಾಡಿಲ್ಲ ಅಂತಲ್ಲ. 2015ರ ಆಗಸ್ಟ್ 16ನೇ ತಾರೀಕು ಒಂದೇ ರಾತ್ರೀಲಿ ಊರಿನ ಲೋಕಲ್ ಬಸ್ ರೂಟ್‌ಗಳನ್ನೆಲ್ಲ ಬದಲಾಯಿಸಿಬಿಟ್ರು. ಜ್ಯಾರೆಟ್ ವಾಕರ್ ಅಂತ ಟ್ರಾನ್ಸಿಟ್ ಪ್ಲಾನರ್ ಒಬ್ರು ಅದರಲ್ಲಿ ಇದ್ರು. ಅಲ್ಲಿವರೆಗೆ ಹೆಚ್ಚಿನ ಬಸ್ ಡೌನ್‌ಟೌನ್‌ಗೇ ಹೋಗಿ ಬರ್ತಿದ್ವು, ನಮ್ಮ ಹಳೇ ಮೆಜೆಸ್ಟಿಕ್ ಲೆಕ್ಕ. ಆಮೇಲೆ ಚೌಕುಳಿ ಥರ ಅಡ್ಡ ಉದ್ದ ಗೆರೆ ಎಳೆದು, ಖರ್ಚು ಸ್ವಲ್ಪವೇ ಏರಿಸಿ, ಮುಖ್ಯ ರೂಟಲ್ಲಿ ಹದಿನೈದು ನಿಮಿಷಕ್ಕೊಂದು ಬಸ್ ಮಾಡಿದ್ರು, ಶನಿವಾರ ಭಾನುವಾರವೂ. 80 ಪರ್ಸೆಂಟ್ ಸರ್ವಿಸ್ ಜನ ಹತ್ತೋ ಕಡೆ, ಉಳಿದ 20 ದೂರದ ಮೂಲೆಗಳಿಗೆ ಅಂತ ಮೆಟ್ರೋ ಆಡಳಿತ ಮಂಡಳಿ ತೀರ್ಮಾನ ಮಾಡಿತ್ತು. ವಾರಾಂತ್ಯದ ಪ್ರಯಾಣಿಕರು ಚೆನ್ನಾಗಿ ಏರಿದ್ರು, ಕೆಲವರಿಗೆ ಸ್ಟಾಪ್ ದೂರ ಆಗಿ ಬೈದ್ರು. ನನ್ ಪ್ರಕಾರ ಸರಿಯಾದ ಕೆಲಸವೇ, ಆದ್ರೆ ಬಸ್ ಕಂಪನಿ ರೂಟ್ ಬದಲಾಯಿಸಬಹುದು, ಪಾರ್ಕಿಂಗ್ ಲಾಟ್ ಆ ಕಡೆ ಇರೋ ಅಂಗಡೀನ ರೋಡಿಗೆ ತರೋಕಾಗಲ್ವಲ್ಲ.

ಈಗ ನಿಮ್ಮ ವಿಷಯ. ಮೆಟ್ರೋ ಮ್ಯಾಪಲ್ಲಿ ಕೆಂಪು ಗೆರೆ ಅಂದ್ರೆ ಹದಿನೈದು ನಿಮಿಷಕ್ಕೊಂದು, ನೀಲಿ ಅರ್ಧ ಗಂಟೆ, ಹಸಿರು ಒಂದು ಗಂಟೆ. ಹಸಿರನ್ನ ಇಲ್ಲ ಅಂತಲೇ ತಿಳ್ಕೊಳಿ. ಆಫೀಸ್ ಡೌನ್‌ಟೌನ್ ಅಥವಾ ಮೆಡಿಕಲ್ ಸೆಂಟರ್ ಕಡೆ ಇದ್ರೆ ಆರಾಮ, ಅಲ್ಲಿ 2004ರಿಂದ ರೈಲೂ ಇದೆ, ಗ್ಯಾಲರಿಯಾ ಮಾಲ್ ಕಡೆ ಆದ್ರೆ 82 ವೆಸ್ಟ್‌ಹೈಮರ್ ಬಸ್ ಹತ್ರ ಮನೆ ಮಾಡಿ. ಆಫೀಸ್ ಸಬರ್ಬಲ್ಲಿದ್ರೆ ಕಷ್ಟ, ಯಾಕಂದ್ರೆ ಪಾರ್ಕ್ ಅಂಡ್ ರೈಡ್ ಬಸ್ಸುಗಳು ಬೆಳಿಗ್ಗೆ ಜನರನ್ನ ಊರೊಳಗೆ ತರೋಕೆ ಮಾಡಿರೋದು, ಉಲ್ಟಾ ಹೋಗೋರಿಗಲ್ಲ, ಜೊತೆಗೆ ಆ ಸ್ಟಾಪಿಗೇ ಕಾರಲ್ಲಿ ಬರಬೇಕು. ನಮ್ಮವರು ತುಂಬಾ ಇರೋ ಶುಗರ್ ಲ್ಯಾಂಡ್, ಪೇರ್‌ಲ್ಯಾಂಡ್ ಊರುಗಳು ಮೆಟ್ರೋಗೆ ಸೇರೇ ಇಲ್ಲ, ಸೇರಿದ್ರೆ ಒಂದು ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್ ಅದಕ್ಕೆ ಹೋಗುತ್ತೆ. ಅಕ್ಕಿ ಬೇಳೆಗೆ ನಮ್ಮ ಇಂಡಿಯನ್ ಅಂಗಡಿಗಳಿರೋ ಹಿಲ್‌ಕ್ರಾಫ್ಟ್‌ಗೆ ಬಸ್ಸಲ್ಲೇ ಹೋಗಿ ಬರಬಹುದು, ಪೇರ್‌ಲ್ಯಾಂಡ್ ಕಡೆ ಮೀನಾಕ್ಷಿ ದೇವಸ್ಥಾನಕ್ಕೆ ಮಾತ್ರ ಕಾರಿರೋ ಫ್ರೆಂಡ್ ಬೇಕೇ ಬೇಕು.

ಲೀಸಿಗೆ ಸೈನ್ ಹಾಕೋ ಮುಂಚೆ ಗೂಗಲ್ ಮ್ಯಾಪಲ್ಲಿ ಭಾನುವಾರ ರಾತ್ರಿ ಎಂಟು ಗಂಟೆ ಅಂತ ಟೈಮ್ ಹಾಕಿ ಬಸ್ ತೋರಿಸುತ್ತಾ ನೋಡಿ, ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಸ್ಟಾಪಿಂದ ಅಪಾರ್ಟ್‌ಮೆಂಟ್ ಗೇಟ್ ತನಕ "ನಡೆದು" ನೋಡಿ. ಮಧ್ಯದಲ್ಲಿ ಫ್ರೀವೇ ಅಡ್ಡ ಬಂದ್ರೆ ಬಾಡಿಗೆ ಎಷ್ಟೇ ಕಮ್ಮಿ ಇರಲಿ, ಆ ಮನೆ ಬೇಡ.