ಸ್ವಾಪ್ ಫೈಲ್ ಇದ್ದರೆ ಲಿನಕ್ಸ್ 5.12-ಆರ್‌ಸಿ1 ಬೂಟ್ ಮಾಡಬೇಡಿ

ಮೂಡಿಗೆರೆಯವರು ಕೇಳಿದ್ದು: ಹಳೇ ವೈಫೈ ಕಾರ್ಡ್ ಲಿನಕ್ಸ್‌ನ ಯಾವ ಕರ್ನಲ್‌ನಿಂದ (ಸಿಸ್ಟಂನ ತಿರುಳು) ಕೈಕೊಟ್ಟಿತು ಅಂತ ಗಿಟ್ ಬೈಸೆಕ್ಟ್ ಮಾಡುತ್ತಿದ್ದರು, ಅಂದರೆ ಆವೃತ್ತಿಗಳನ್ನು ಅರ್ಧರ್ಧ ಮಾಡುತ್ತಾ ತಪ್ಪು ಬಂದ ಜಾಗ ಹುಡುಕುತ್ತಿದ್ದರು. 5.12-ಆರ್‌ಸಿ1 (5.12ರ ಮೊದಲ ಪರೀಕ್ಷಾ ಆವೃತ್ತಿ) ಹಾಕಿ ಎರಡು ಗಂಟೆ ಓಡಿಸಿದ ಮೇಲೆ ಡಿಸ್ಕಿನ ಪಾರ್ಟಿಷನ್ ಮೌಂಟೇ ಆಗುತ್ತಿಲ್ಲ, ಅಂದರೆ ತೆರೆಯುತ್ತಲೇ ಇಲ್ಲ. ನಡುವೆ ಕರೆಂಟ್ ಹೋಗಿತ್ತು, ಅದಕ್ಕೇ ಇರಬಹುದಾ?

ಕರೆಂಟನ್ನು ಬಯ್ಯಬೇಡಿ ಸಾರ್. ಮಳೆ ಶುರುವಾದರೆ ನಮ್ಮ ಸಕಲೇಶಪುರದಲ್ಲೂ ಹೋಗಿ ಬಂದು ಮಾಡುತ್ತದೆ. ಇಎಕ್ಸ್‌ಟಿ4 ಫೈಲ್‌ಸಿಸ್ಟಂ ತನ್ನ ಜರ್ನಲ್ (ಬದಲಾವಣೆಗಳ ದಿನಚರಿ) ನೋಡಿಕೊಂಡು ಸಾಮಾನ್ಯವಾಗಿ ಎದ್ದು ಬರುತ್ತದೆ. ನಿಮ್ಮದು 4 ಜಿಬಿ ರ‍್ಯಾಮ್, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇರುವುದು ಫೈಲ್‌ನಲ್ಲಿ. ಕಳ್ಳ ಅಲ್ಲೇ ಇದ್ದಾನೆ.

ಸ್ವಾಪ್ ಫೈಲ್ ಪಾರ್ಟಿಷನ್‌ನ ಎಲ್ಲೋ ಒಳಗೆ ಕೂತಿರುತ್ತದೆ. ಆ ಕರ್ನಲ್ ಫೈಲ್ ಎಲ್ಲಿಂದ ಶುರು ಅನ್ನುವುದನ್ನೇ ಲೆಕ್ಕಕ್ಕೆ ಹಿಡಿಯದೆ, ಪಾರ್ಟಿಷನ್‌ನ ಮೊದಲಿಂದ ಎಣಿಸಿ ಬರೆಯುತ್ತಿತ್ತು. ಕಾಫಿ ಗೋಡೌನ್‌ನಲ್ಲಿ ನಿಮಗೆ ಕೊಟ್ಟ ಜಾಗ ಹಿಂದಿನ ಮೂಲೆಯಲ್ಲಿ ಅಂದುಕೊಳ್ಳಿ. ಹಮಾಲಿ ಮೂಟೆ ಇಳಿಸಿದ್ದು ಬಾಗಿಲಲ್ಲಿದ್ದ ಲೆಕ್ಕದ ಪುಸ್ತಕದ ಮೇಲೆ. ಫೈಲ್‌ಸಿಸ್ಟಂನ ಮುಖ್ಯ ವಿವರಗಳಿರುವ ಸೂಪರ್‌ಬ್ಲಾಕ್ ಇರುವುದೂ ಪಾರ್ಟಿಷನ್‌ನ ಮೊದಲಲ್ಲೇ ಅಲ್ವಾ? ಓದುವಾಗಲೂ ಅದೇ ತಪ್ಪು ಜಾಗದಿಂದ ಓದುತ್ತಿದ್ದರಿಂದ ಪ್ರೋಗ್ರಾಂಗಳು ಆರಾಮಾಗಿ ಓಡುತ್ತಿದ್ದವು. ನಿಮಗೆ ಎರಡು ಗಂಟೆ ಗೊತ್ತಾಗದಿದ್ದುದು ಹಾಗಾಗಿಯೇ. ಸ್ವಾಪ್‌ಗೆ ಬೇರೆ ಪಾರ್ಟಿಷನ್ ಇಟ್ಟವರಿಗೆ ಎಣಿಕೆ ಹೇಗೂ ಸೊನ್ನೆಯಿಂದಲೇ ಶುರು, ಅವರು ಬಚಾವ್. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2021ರ ಮಾರ್ಚ್ 3ರಂದು ಎಚ್ಚರಿಕೆ ಕೊಟ್ಟು, ಆ ಆವೃತ್ತಿಯ ಟ್ಯಾಗ್‌ನ (ಗುರುತಿನ ಚೀಟಿ) ಹೆಸರಿಗೇ 'ಡೋಂಟ್‌ಯೂಸ್' (ಬಳಸಬೇಡಿ) ಅಂತ ಬಾಲ ಸೇರಿಸಿದರು. ಎರಡೇ ದಿನಕ್ಕೆ ಸರಿಪಡಿಸಿದ ಆರ್‌ಸಿ2 ಬಂತು.

ಈಗ ಆ ಡಿಸ್ಕ್‌ಗೆ ಏನೂ ಬರೆಯಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂನಲ್ಲಿ ಇಡೀ ಪಾರ್ಟಿಷನ್ನನ್ನು ಬೇರೆ ಡಿಸ್ಕ್‌ಗೆ ನಕಲು ತೆಗೆಯಿರಿ. ರಿಪೇರಿ ಏನಿದ್ದರೂ ನಕಲಿನ ಮೇಲೆ. ಸೂಪರ್‌ಬ್ಲಾಕ್‌ಗೆ ಬೇರೆ ಕಡೆಯೂ ಪ್ರತಿಗಳಿರುತ್ತವೆ. 4 ಕೆಬಿ ಬ್ಲಾಕ್ ಆದರೆ ಮೊದಲ ಪ್ರತಿ ಸಾಮಾನ್ಯವಾಗಿ 32768ನೇ ಬ್ಲಾಕ್‌ನಲ್ಲಿ. ಎಫ್‌ಎಸ್‌ಸಿಕೆಗೆ (ಫೈಲ್‌ಸಿಸ್ಟಂ ರಿಪೇರಿ ಕಮಾಂಡ್) 'ಬಿ' ಆಯ್ಕೆಯಲ್ಲಿ ಆ ಸಂಖ್ಯೆ ಕೊಡಿ. ಪ್ರತಿಗಳ ಜಾಗ ಹುಡುಕಲು ಫಾರ್ಮ್ಯಾಟ್ ಕಮಾಂಡನ್ನು 'ಎನ್' (ಬರೆಯದೆ ಬರೀ ತೋರಿಸು) ಹಾಕಿ ಓಡಿಸಿ ಅಂತ ಯಾರಾದರೂ ಹೇಳಿಯಾರು. ಸರಿಯೇ, ಆದರೆ ಆ 'ಎನ್' ಮರೆತರೆ ನಿಜವಾಗಿಯೂ ಫಾರ್ಮ್ಯಾಟ್ ಆಗುತ್ತದೆ. ನಿದ್ದೆಗಣ್ಣಲ್ಲಿ ಬೇಡ.

ಎಲ್ಲಾ ಸಿಗುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಅನ್ನುವ ಐನೋಡ್ ಪಟ್ಟಿಯ ಮೇಲೇ ಬರೆದುಹೋಗಿದ್ದರೆ ಆ ಫೈಲ್‌ಗಳು ಹೋದ ಹಾಗೆಯೇ. ಬರೀ ಫೋಲ್ಡರ್ ಹಾಳಾಗಿದ್ದರೆ ಫೈಲ್‌ಗಳು ಹೆಸರಿಲ್ಲದೆ ಲಾಸ್ಟ್+ಫೌಂಡ್ ಅನ್ನುವ ಫೋಲ್ಡರ್‌ನಲ್ಲಿ ಸಿಕ್ಕಾವು.

ಬೈಸೆಕ್ಟ್ ಮುಂದುವರಿಸುವುದಾದರೆ ಎಫ್‌ಸ್ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಹಿಡಿಯಬೇಕಾದ ಡಿಸ್ಕ್, ಸ್ವಾಪ್‌ಗಳ ಪಟ್ಟಿ) ಸ್ವಾಪ್ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಆಮೇಲೆ ಬೂಟ್ ಮಾಡಿ. ಆರ್‌ಸಿ1 ಒಂದನ್ನು ಬಿಟ್ಟರೆ ಸಾಲದು. ಅದರ ಹಿಂದೆ ಮುಂದಿನ ಕಮಿಟ್‌ಗಳಲ್ಲೂ (ಕೋಡಿನ ಬದಲಾವಣೆಗಳು) ಇದೇ ತಪ್ಪಿದೆ, ಬೈಸೆಕ್ಟ್ ನಿಮ್ಮನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ. ವೈಫೈ ಚಿಪ್ ಯಾವುದು ಅಂತ ಎಲ್‌ಎಸ್‌ಪಿಸಿಐ ಕಮಾಂಡ್‌ನಲ್ಲಿ ನೋಡಿ ಇಲ್ಲೇ ಹಾಕಿ. ಅಂಥದೇ ಒಂದು ಹಳೇ ಕಾರ್ಡ್ ನನ್ನ ಹತ್ತಿರವೂ ಬಿದ್ದಿದೆ.