ಜ್ಯೂರಿ ಸಮನ್ಸ್ ಬಂದಾಗ ಏನು ಮಾಡಬೇಕು?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನಿಗೆ ಜ್ಯೂರಿ ಸೇವೆಗೆ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡದಲ್ಲಿ ಕೂರಲು, ಹಾಜರಾಗುವಂತೆ ಅಲ್ಲಿನ ನ್ಯಾಯಾಲಯದಿಂದ ಸಮನ್ಸ್ ಬಂದಿದೆ. ಅವನಿಗೆ ಗ್ರೀನ್ ಕಾರ್ಡ್ ಇದೆ, ಪೌರತ್ವ ಇಲ್ಲ. ಅವನು ಹೋಗಬೇಕೇ? ಕಾನೂನು ಓದದವರು ತೀರ್ಪು ಕೊಡುವುದಾದರೂ ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಇದು ಆರೋಪಿಗೆ ಕಳುಹಿಸುವ ಸಮನ್ಸ್ ಅಲ್ಲ, ಆದ್ದರಿಂದ ಗಾಬರಿಪಡಬೇಕಾಗಿಲ್ಲ. ಮತದಾರರ ಪಟ್ಟಿಯ ಜೊತೆಗೆ ವಾಹನ ಚಾಲನಾ ಪರವಾನಗಿ ಪಡೆದವರ ಪಟ್ಟಿಯಿಂದಲೂ ಹೆಸರುಗಳನ್ನು ಆರಿಸುವುದರಿಂದ, ಪೌರರಲ್ಲದವರಿಗೂ ಇಂಥ ಪತ್ರ ಹೋಗುವುದುಂಟು. ಜ್ಯೂರಿಯಲ್ಲಿ ಕೂರಲು ಅಮೆರಿಕದ ಪೌರರೇ ಆಗಿರಬೇಕು. ಆದರೆ ‘ನನಗೆ ಸಂಬಂಧವಿಲ್ಲ’ ಎಂದು ಪತ್ರವನ್ನು ಮೂಲೆಗೆ ಹಾಕುವಂತಿಲ್ಲ. ತಾನು ಪೌರನಲ್ಲ ಎಂಬುದನ್ನು ಅದರಲ್ಲಿ ಸೂಚಿಸಿರುವ ರೀತಿಯಲ್ಲಿ, ಗಡುವಿನೊಳಗೆ ನ್ಯಾಯಾಲಯಕ್ಕೆ ತಿಳಿಸಿ, ಉತ್ತರದ ಪ್ರತಿಯೊಂದನ್ನು ನಿಮ್ಮ ಮಗ ತನ್ನ ಬಳಿ ಇಟ್ಟುಕೊಳ್ಳಲಿ. ಮರೆತೋ ಅವಸರದಲ್ಲೋ ‘ಪೌರ’ ಎಂದು ಗುರುತು ಹಾಕಿಬಿಟ್ಟರೆ ಮಾತ್ರ ನಿಜವಾದ ತೊಂದರೆ ಶುರುವಾಗುತ್ತದೆ. ಪೌರನೆಂದು ಸುಳ್ಳು ಹೇಳಿಕೊಳ್ಳುವುದನ್ನು ಅಲ್ಲಿನ ವಲಸೆ ಕಾನೂನು ಬಹಳ ಗಂಭೀರವಾಗಿ ನೋಡುತ್ತದೆ. ಅದರಿಂದ ಗಡೀಪಾರಿನ ಪ್ರಸಂಗವೂ ಬರಬಹುದು.

ಇನ್ನು ತೀರ್ಪಿನ ಮಾತು. ಅಲ್ಲಿ ಕೆಲಸ ಹಂಚಿಕೆಯಾಗಿದೆ. ಯಾವ ಸಾಕ್ಷ್ಯವನ್ನು ಒಪ್ಪಬೇಕು, ಯಾವ ಕಾನೂನು ಅನ್ವಯಿಸುತ್ತದೆ ಎಂಬುದನ್ನು ನ್ಯಾಯಾಧೀಶರು ನಿರ್ಧರಿಸಿ ಜ್ಯೂರಿಗೆ ವಿವರಿಸುತ್ತಾರೆ. ನಡೆದದ್ದೇನು, ಯಾವ ಸಾಕ್ಷಿಯ ಮಾತು ನಂಬತಕ್ಕದ್ದು, ಆರೋಪ ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿದೆಯೇ ಎಂಬುದನ್ನಷ್ಟೇ ಜ್ಯೂರಿ ಹೇಳುತ್ತದೆ. ಅದಕ್ಕೆ ಬೇಕಾದದ್ದು ಕಾನೂನು ಪದವಿಯಲ್ಲ, ಪೂರ್ವಗ್ರಹವಿಲ್ಲದ ಮನಸ್ಸು. ಅದಕ್ಕಾಗಿಯೇ ವಿಚಾರಣೆಗೆ ಮೊದಲು ಕರೆಬಂದವರನ್ನು ಪ್ರಶ್ನಿಸುತ್ತಾರೆ: ನಿಮ್ಮ ಮನೆಯಲ್ಲಿ ಪೊಲೀಸರಿದ್ದಾರೆಯೇ, ನೀವು ಕಳ್ಳತನಕ್ಕೆ ಒಳಗಾಗಿದ್ದಿರೇ, ಈ ಪ್ರಕರಣದ ಬಗ್ಗೆ ಏನಾದರೂ ಕೇಳಿದ್ದೀರಾ? ವಕೀಲರು ಕಾರಣ ಹೇಳದೆಯೇ ಕೆಲವರನ್ನು ಬಿಡಬಹುದು, ಆದರೆ ಜನಾಂಗದ ಆಧಾರದ ಮೇಲೆ ಹಾಗೆ ಬಿಡುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿತು. ಗಂಭೀರ ಅಪರಾಧಗಳಲ್ಲಿ ಶಿಕ್ಷೆಗೆ ಗುರಿಪಡಿಸಲು ಜ್ಯೂರಿಯ ಒಮ್ಮತ ಎಲ್ಲ ರಾಜ್ಯಗಳಲ್ಲೂ ಅಗತ್ಯವೆಂದು ನಿರ್ಧಾರವಾದದ್ದು 2020ರಲ್ಲಿ. ಒಬ್ಬರೇ ಒಪ್ಪದಿದ್ದರೂ ಸಾಕು, ಅಪರಾಧಿ ಎಂಬ ತೀರ್ಪು ಬರುವುದಿಲ್ಲ. ಈ ವ್ಯವಸ್ಥೆ ಎಷ್ಟೇ ದೊಡ್ಡದೆನಿಸಿದರೂ, ಬಹುತೇಕ ಕ್ರಿಮಿನಲ್ ಪ್ರಕರಣಗಳು ಆರೋಪಿ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ರಾಜಿಯಾಗುವುದರಲ್ಲೇ ಮುಗಿಯುತ್ತವೆ ಎಂಬುದೂ ಗೊತ್ತಿರಲಿ.

ಹಾಗೆ ನೋಡಿದರೆ ನಮ್ಮಲ್ಲೂ ಜ್ಯೂರಿ ಇತ್ತು. ನೌಕಾಪಡೆಯ ಅಧಿಕಾರಿ ನಾನಾವತಿ ಮೇಲಿನ 1959ರ ಕೊಲೆ ಪ್ರಕರಣದಲ್ಲಿ ಅದು ಕೊಟ್ಟ ‘ನಿರ್ದೋಷಿ’ ತೀರ್ಪನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲೇ ಇರುವ ನನ್ನ ಮಗಳು ಅಮೆರಿಕದ ಪೌರಳು. ಜ್ಯೂರಿ ಸೇವೆಗೆ ಹೋದರೆ ಕಂಪನಿ ಕೆಲಸದಿಂದ ತೆಗೆಯಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ತೆಗೆಯುವಂತಿಲ್ಲ, ಕ್ಯಾಲಿಫೋರ್ನಿಯಾದ ಕಾನೂನು ಅದನ್ನು ತಡೆಯುತ್ತದೆ. ಕಂಪನಿಗೆ ಮೊದಲೇ ತಿಳಿಸಿರಬೇಕು, ಅಷ್ಟೆ. ಆದರೆ ಆ ದಿನಗಳ ಸಂಬಳ ಕೊಡಲೇಬೇಕೆಂದು ಖಾಸಗಿ ಕಂಪನಿಗಳಿಗೆ ಕಡ್ಡಾಯವಿಲ್ಲ. ರಾಜ್ಯದ ನ್ಯಾಯಾಲಯಗಳಲ್ಲಿ ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್ ಕೊಡುವುದು ರೂಢಿ; ಅದು ಊಟ-ತಿಂಡಿಗೇ ಸರಿಹೋಗುತ್ತದೆ. ದಿನಾಂಕ ಅನುಕೂಲವಾಗದಿದ್ದರೆ ಮುಂದೂಡಲು ಕೇಳಬಹುದು. ‘ನೀವು ಜ್ಯೂರಿಗೆ ಬರಲಿಲ್ಲ, ಈಗಲೇ ದಂಡ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಕಾರ್ಡಿನ ಸಂಖ್ಯೆ ಕೊಡಬಾರದು. ನ್ಯಾಯಾಲಯಗಳು ಫೋನಿನಲ್ಲಿ ದಂಡ ವಸೂಲಿ ಮಾಡುವುದಿಲ್ಲ.