ರೂಢಿ ಅಂದರೆ ಏನು?

ಇಳಕಲ್ಲಿನ ಓದುಗರೊಬ್ಬರು ಬರೆದಿದ್ದಾರೆ: “ಕೈಮಗ್ಗದ ನೇಕಾರರ ಅನುಭವದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಗೈಡ್ ಫಿನಾಮಿನಾಲಜಿ ವಿಧಾನ ಹಿಡಿ ಅಂತಾರೆ. ಎಂಟು ಜನರನ್ನು ಮಾತಾಡಿಸಿದರೆ ಸಾಕಂತೆ. ನನಗೆ ಗೊತ್ತಿರುವುದನ್ನೆಲ್ಲ ಪಕ್ಕಕ್ಕಿಡಬೇಕಂತೆ. ನಮ್ಮಪ್ಪನೇ ನೇಕಾರ. ಮಗ್ಗದ ಸದ್ದಿನಲ್ಲೇ ಬೆಳೆದವಳು, ಅದನ್ನು ಮರೆಯೋದು ಹೇಗೆ?”

ಮರೆಯಬೇಕಿಲ್ಲ. ಒಂದು ಅನುಭವ ಅದನ್ನು ಬದುಕುವವರಿಗೆ ಹೇಗೆ ಕಾಣುತ್ತದೆ ಎಂದು ನೋಡುವ ದಾರಿ ಫಿನಾಮಿನಾಲಜಿ. ಈ ದಾರಿ ಹಾಕಿಕೊಟ್ಟ ದಾರ್ಶನಿಕ ಎಡ್ಮಂಡ್ ಹುಸರ್ಲ್ ಮೊದಲು ಓದಿದ್ದು ಗಣಿತ. ಪಕ್ಕಕ್ಕಿಡುವುದಕ್ಕೆ 1913ರಲ್ಲಿ ಅವರು ಬಳಸಿದ ಮಾತೂ ಗಣಿತದ್ದೇ: ಕಂಸದಲ್ಲಿಡುವುದು. ಕಂಸದಲ್ಲಿಟ್ಟದ್ದು ಅಳಿಸಿಹೋಗುವುದಿಲ್ಲ. ಅಲ್ಲೇ ಇರುತ್ತದೆ, ಸದ್ಯಕ್ಕೆ ಬಳಸುವುದಿಲ್ಲ ಅಷ್ಟೇ. ‘ಕೈಮಗ್ಗ ಸಾಯುತ್ತಿದೆ’ ಅನ್ನುವುದು ನಿಜವೋ ಸುಳ್ಳೋ, ಆ ಜಗಳ ಆಮೇಲೆ. ಮಗ್ಗದ ಮುಂದೆ ಕೂತವರಿಗೆ ಅದು ಹೇಗೆ ಕಾಣುತ್ತದೆ, ಮೊದಲು ಅದನ್ನು ಕೇಳಿ.

ನನಗೆ ಕಾಣುವ ಅಪಾಯ ಬೇರೆ. ನಿಮಗೆ ಬೇಗ ಅರ್ಥವಾಗಿಬಿಡುತ್ತದೆ! ಸೆರಗಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಒಡಲಿನ ಹಾಸಿನ ಜೊತೆ ಕೊಂಡಿ ಹಾಕಿ ಕೂಡಿಸುವಾಗ ಹೇಗಿರುತ್ತದೆ ಎಂದು ಕೇಳುತ್ತೀರಿ. “ಏನಿಲ್ಲ ತಂಗಿ, ರೂಢಿ ಆಗೈತಿ” ಅಂತಾರೆ. ನೀವು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತೀರಿ. ಹೊರಗಿನವರಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ರೂಢಿ ಅಂದರೆ ಏನು? ಬೆರಳು ತಾನಾಗಿ ಹೋಗುತ್ತದಾ? ಎಳೆ ಹರಿದದ್ದು ಮೊದಲು ಗೊತ್ತಾಗುವುದು ಕಣ್ಣಿಗಾ, ಕಿವಿಗಾ, ಕೈಗಾ? ಆ ಒಂದು ಮಾತಿನಲ್ಲೇ ನಿಮ್ಮ ಅರ್ಧ ಪ್ರಬಂಧ ಇದೆ. ಫ್ರೆಂಚ್ ದಾರ್ಶನಿಕ ಮೆರ್ಲೋ-ಪೋಂಟಿ 1945ರಲ್ಲಿ ಕುರುಡನ ಕೋಲಿನ ಬಗ್ಗೆ ಬರೆದದ್ದೂ ಇಂಥದ್ದೇ. ರೂಢಿಯಾದ ಮೇಲೆ ಅವನಿಗೆ ಕೋಲು ತಿಳಿಯುವುದಿಲ್ಲ, ಕೋಲಿನ ತುದಿಯಲ್ಲಿ ನೆಲ ತಿಳಿಯುತ್ತದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವರಿಗೂ ಹಾಗೇನಾ?

ಪ್ರಶ್ನೆಯೊಳಗೆ ಉತ್ತರ ಇಟ್ಟು ಕೇಳಬೇಡಿ. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಅಜ್ಜನನ್ನು ನಾನೊಮ್ಮೆ “ಬೆನ್ನು ನೋಯುತ್ತಾ?” ಅಂದೆ. “ಹೂಂ” ಅಂದರು. ಮುಗೀತು ಸಂದರ್ಶನ. “ನಿನ್ನೆ ಮಗ್ಗಕ್ಕೆ ಕೂತಾಗಿನಿಂದ ಏನೇನಾಯ್ತು, ಹೇಳ್ರಿ” ಅನ್ನಬೇಕಿತ್ತು.

ಎಂಟು ಜನ ಕಡಿಮೆಯೇನಲ್ಲ. ಮನಶ್ಶಾಸ್ತ್ರಕ್ಕೆ ಈ ವಿಧಾನ ತಂದ ಅಮೆಡಿಯೊ ಜಾರ್ಜಿ ಕನಿಷ್ಠ ಮೂವರಿರಬೇಕು ಅಂದರು, ಅಷ್ಟೇ. ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬ ಲೆಕ್ಕ ಇಲ್ಲಿ ಬೇಕಾಗಿಲ್ಲ. ಮಾತುಕತೆಯನ್ನು ಪೂರ್ತಿ ಬರೆದುಕೊಂಡು ಓದಿ, ಅರ್ಥ ತಿರುಗುವಲ್ಲೆಲ್ಲ ಗೆರೆ ಹಾಕಿ. ಆಮೇಲೆ ಕಲ್ಪನೆಯಲ್ಲೇ ಒಂದೊಂದನ್ನು ತೆಗೆದು ನೋಡಿ. ಸದ್ದು ತೆಗೆದರೂ ಅದು ನೇಯುವ ಅನುಭವವೇನಾ? ಯಾವುದನ್ನು ತೆಗೆದರೆ ಎಲ್ಲ ಕುಸಿಯುತ್ತದೋ ಅದೇ ತಿರುಳು.

ಗೊತ್ತಿರುವುದೆಲ್ಲ ಪೂರ್ತಿ ಪಕ್ಕಕ್ಕೆ ಹೋಗುತ್ತದಾ? ಹುಸರ್ಲರ ಹಾದಿಯಲ್ಲೇ ಬಂದ ಹೈಡೆಗರ್ 1927ರ ಹೊತ್ತಿಗೇ ಒಪ್ಪಲಿಲ್ಲ. ನನ್ನ ಒಲವೂ ಅತ್ತಲೇ. ಪೂರ್ತಿ ಹೋಗದಿದ್ದರೆ, ಒಳಗೆ ಏನಿದೆ ಎಂದಾದರೂ ನಿಮಗೆ ಕಾಣಬೇಕು. ಹಾಗಾಗಿ ಒಂದು ಕೆಲಸ ಮಾಡಿ. ಯಾರನ್ನೂ ಮಾತಾಡಿಸುವ ಮೊದಲು, ಮಗ್ಗದ ಬಗ್ಗೆ ನಿಮ್ಮನ್ನೇ ಸಂದರ್ಶಿಸಲು ಗೆಳತಿಯೊಬ್ಬರಿಗೆ ಹೇಳಿ. ಮಗ್ಗವನ್ನೇ ನೋಡದವರಾದರೆ ಇನ್ನೂ ಒಳ್ಳೆಯದು.

– ಸಂಪಾದಕ